ಅಲಾರ್ಮ್, ಸ್ಪ್ರಿಂಕ್ಲರ್ ಬಂದ್ ಆದಾಗ ಫೈರ್ ವಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡ ನೋಡಿಕೊಳ್ಳುವವರು, ಸೆಕ್ಯುರಿಟಿ ಸೂಪರ್‌ವೈಸರ್‌ಗಳು, ರಾತ್ರಿ ಪಾಳಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಗಂಟೆ-ನಿಮಿಷದ ಲೆಕ್ಕಗಳು ಹೆಚ್ಚಾಗಿ ಎನ್‌ಎಫ್‌ಪಿಎ (ಬೆಂಕಿ ಸುರಕ್ಷತೆಯ ನಿಯಮ ಬರೆಯುವ ಅಮೆರಿಕದ ಸಂಸ್ಥೆ) ನಿಯಮಗಳವು, ಪಕ್ಕದ 101, 25 ಥರದ ಅಂಕಿ ಆ ನಿಯಮ ಪುಸ್ತಕದ ನಂಬರ್, ಯಾಕೆಂದರೆ ಹಲವು ದೇಶಗಳಲ್ಲಿ ಅದನ್ನೇ ನೋಡುತ್ತಾರೆ. ನಿಮ್ಮ ಅಗ್ನಿಶಾಮಕ ಇಲಾಖೆ ಅದಕ್ಕಿಂತ ಬಿಗಿಯಾಗಿ ಹೇಳಿದ್ದರೆ ಇಲಾಖೆಯ ಮಾತೇ ನಡೆಯುತ್ತದೆ.

## ಮೊದಲು ತಿಳಿಯಬೇಕಾದ್ದು

ಫೈರ್ ವಾಚ್ ಅಂದ್ರೆ ಏನು? ಸೆಕ್ಯುರಿಟಿಯವರು ಹೇಗೂ ರೌಂಡ್ಸ್ ಹೊಡೀತಾರಲ್ಲ?

ಸೆಕ್ಯುರಿಟಿಯವರು ಕಳ್ಳತನ, ಬೀಗ, ಬಂದು ಹೋಗುವವರನ್ನು ನೋಡುತ್ತಾರೆ. ಫೈರ್ ವಾಚ್ ಮಾಡುವವರು ನೋಡುವುದು ಬೆಂಕಿಯನ್ನು ಮಾತ್ರ. ಸ್ಮೋಕ್ ಡಿಟೆಕ್ಟರ್ ಕೆಲಸ ಮಾಡದಿದ್ದಾಗ ಹೊಗೆಯನ್ನು ಮೂಗು-ಕಣ್ಣಿನಿಂದ ಹಿಡಿಯಬೇಕು, ಹೂಟರ್ ಕೂಗದಿದ್ದಾಗ ತಾವೇ ಕೂಗಿ ಜನರನ್ನು ಹೊರಗೆ ಕಳಿಸಬೇಕು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಬೇಕು. ಇಷ್ಟೇ ಕೆಲಸ. ಆದರೆ ಇದನ್ನು ಒಂದು ನಿಮಿಷವೂ ಬಿಡದೆ ಮಾಡಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಷ್ಟೋ ಉತ್ತರಗಳು ಇದರ ಮೇಲೇ ನಿಂತಿವೆ. ಕಾವಲಿನ ಮನುಷ್ಯ ಡಿಟೆಕ್ಟರ್‌ಗೂ ಅಲಾರ್ಮ್ ಗಂಟೆಗೂ ಬದಲಿಯಾಗಬಲ್ಲ. ಬೆಂಕಿಯ ಬಿಸಿಗೆ ತಾನೇ ಒಡೆದು ಸೀಲಿಂಗಿನಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ನ ನೀರಿಗೆ ಬದಲಿಯಾಗಲಾರ. ಕಾವಲು ಹಾಕಿದೆವು, ಇನ್ನು ಚಿಂತೆಯಿಲ್ಲ ಎಂದು ರಿಪೇರಿಯನ್ನು ಮುಂದಕ್ಕೆ ತಳ್ಳುವವರು ಇದನ್ನೇ ಮರೆಯುತ್ತಾರೆ.

ಅರ್ಧ ಗಂಟೆ ಅಲಾರ್ಮ್ ಪ್ಯಾನಲ್ ಆಫ್ ಮಾಡಿದ್ರೂ ಫೈರ್ ವಾಚ್ ಹಾಕಬೇಕಾ?

ಎನ್‌ಎಫ್‌ಪಿಎ 101ರ ಪ್ರಕಾರ, ಕಡ್ಡಾಯವಾಗಿ ಇರಬೇಕಾದ ಅಲಾರ್ಮ್ ವ್ಯವಸ್ಥೆ 24 ಗಂಟೆಯೊಳಗೆ ಒಟ್ಟು 4 ಗಂಟೆಗಿಂತ ಜಾಸ್ತಿ ಬಂದ್ ಆದರೆ ಇಲಾಖೆಗೆ ತಿಳಿಸಬೇಕು, ಜೊತೆಗೆ ಕಟ್ಟಡ ಖಾಲಿ ಮಾಡಿಸಬೇಕು ಅಥವಾ ಒಪ್ಪಿಗೆ ಪಡೆದ ಫೈರ್ ವಾಚ್ ಹಾಕಬೇಕು. ನೀರಿನ ವ್ಯವಸ್ಥೆಗಳಿಗೆ, ಅಂದರೆ ಸ್ಪ್ರಿಂಕ್ಲರ್ ಮುಂತಾದವಕ್ಕೆ, ಎನ್‌ಎಫ್‌ಪಿಎ 25 ಹೇಳುವ ಗಡಿ 24 ಗಂಟೆಯಲ್ಲಿ 10 ಗಂಟೆ. ಇಂಟರ್‌ನ್ಯಾಷನಲ್ ಫೈರ್ ಕೋಡ್ ಇನ್ನೂ ಬಿಗಿ. ಕಡ್ಡಾಯ ವ್ಯವಸ್ಥೆ ಬಂದ್ ಆದ ಕೂಡಲೇ ಇಲಾಖೆಗೆ ಹೇಳಿ ಎನ್ನುತ್ತದೆ, ಕಾವಲು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರಿಗೆ ಬಿಟ್ಟದ್ದು.

ಇಲ್ಲಿ "ಒಟ್ಟು" ಎನ್ನುವುದನ್ನು ಗಮನಿಸಿ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಒಂದೂವರೆ, ಸಂಜೆ ಇನ್ನೊಂದು ಗಂಟೆ ಆಫ್ ಮಾಡಿದರೆ ನಾಲ್ಕೂವರೆ ಆಯಿತು. ಮಧ್ಯೆ ಮಧ್ಯೆ ಆನ್ ಮಾಡಿದ ಮಾತ್ರಕ್ಕೆ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ.

ಅರ್ಧ ಗಂಟೆಯ ಕೆಲಸಕ್ಕೆ ನಿಯಮ ಕೇಳದೇ ಇರಬಹುದು. ಆದರೂ ಆ ಅರ್ಧ ಗಂಟೆ ಒಬ್ಬರನ್ನು ಓಡಾಡಿಸುವುದು ನನ್ನ ಪ್ರಕಾರ ಒಳ್ಳೆಯದು. ಅರ್ಧ ಗಂಟೆ ಎಂದು ಶುರುವಾದ ಕೆಲಸ ಅರ್ಧ ಗಂಟೆಗೇ ಮುಗಿಯುವುದು ಅಪರೂಪ ಅಲ್ವಾ?

ಯಾರ್ಯಾರಿಗೆ ತಿಳಿಸಬೇಕು? ಸುಮ್ನೆ ಗಾಬರಿ ಆಗುತ್ತೆ ಅಂತ ನಮ್ಮ ಮ್ಯಾನೇಜರ್ ಯಾರಿಗೂ ಹೇಳಬೇಡಿ ಅಂತಾರೆ.

ಹೇಳಲೇಬೇಕು. ಅಗ್ನಿಶಾಮಕ ಇಲಾಖೆ, ಅಲಾರ್ಮ್ ಸಿಗ್ನಲ್ ನೋಡುವ ಮಾನಿಟರಿಂಗ್ ಕಂಪನಿ, ವಿಮಾ ಕಂಪನಿ, ಕಟ್ಟಡದ ಮಾಲೀಕರು, ಬಂದ್ ಆಗುವ ಭಾಗದಲ್ಲಿ ಕೆಲಸ ಮಾಡುವವರ ಸೂಪರ್‌ವೈಸರ್‌ಗಳು, ಇಷ್ಟು ಜನರಿಗೆ ಕೆಲಸ ಶುರುವಾಗುವ ಮೊದಲೇ ಗೊತ್ತಿರಬೇಕು. ಇಲಾಖೆಗೆ ಮೊದಲೇ ತಿಳಿದಿದ್ದರೆ ಕರೆ ಬಂದಾಗ ಅವರು ತಯಾರಾಗಿ ಬರುತ್ತಾರೆ, ಹೈಡ್ರಂಟ್‌ನಲ್ಲಿ (ದಳದವರು ಹೊಸ್ ಜೋಡಿಸುವ ನೀರಿನ ಪೈಪ್) ನೀರಿಲ್ಲ ಎಂದು ಏಣಿ ಹತ್ತಿದ ಮೇಲೆ ಗೊತ್ತಾಗುವ ಪರಿಸ್ಥಿತಿ ಬರುವುದಿಲ್ಲ. ವಿಮೆಯವರಿಗೆ ಹೇಳದೆ ಮುಚ್ಚಿಟ್ಟರೆ ಪರಿಹಾರ ಕೇಳುವಾಗ ಅದೇ ಕುತ್ತಿಗೆಗೆ ಬರಬಹುದು.

ಒಳಗಿರುವ ಜನರಿಗೂ ಹೇಳಿ. "ಇವತ್ತು ಅಲಾರ್ಮ್ ಕೂಗುವುದಿಲ್ಲ, ಹೊಗೆ ಕಂಡರೆ ಈ ನಂಬರಿಗೆ ಫೋನ್ ಮಾಡಿ, ಹಾರ್ನ್ ಅಥವಾ ಮೆಗಾಫೋನ್ ಕೇಳಿದರೆ ಮೆಟ್ಟಿಲಿನಿಂದ ಇಳಿಯಿರಿ" ಎಂದು ಲಿಫ್ಟ್ ಪಕ್ಕ ಒಂದು ಹಾಳೆ ಅಂಟಿಸಿದರೆ ಯಾರೂ ಗಾಬರಿಯಾಗುವುದಿಲ್ಲ. ಗಂಟೆ ಕೂಗದ ಕಟ್ಟಡದಲ್ಲಿ ಗಂಟೆಗಾಗಿ ಕಾಯುತ್ತಾ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಇದಕ್ಕೆಲ್ಲ ಒಬ್ಬ ಜವಾಬ್ದಾರ ಇರಬೇಕು ಅಂತಾರೆ, ಅವನು ಏನು ಮಾಡಬೇಕು?

ಎನ್‌ಎಫ್‌ಪಿಎ 25 ಇಂಥ ಒಬ್ಬ ವ್ಯಕ್ತಿಯನ್ನು ಮಾಲೀಕರು ನೇಮಿಸಲೇಬೇಕು ಎನ್ನುತ್ತದೆ. ಯಾರನ್ನೂ ನೇಮಿಸದಿದ್ದರೆ ಮಾಲೀಕರೇ ಆ ವ್ಯಕ್ತಿ. ಯಾವ ವಾಲ್ವ್ ಮುಚ್ಚುತ್ತಾರೆ, ಅದರಿಂದ ಯಾವ ಯಾವ ಮಹಡಿಗೆ ನೀರು ನಿಲ್ಲುತ್ತದೆ, ಎಷ್ಟು ಹೊತ್ತು ಎಂಬುದೆಲ್ಲ ಅವರಿಗೆ ಗೊತ್ತಿರಬೇಕು. ಸಾಮಾನು, ಪೈಪು, ಕೆಲಸಗಾರರು ಎಲ್ಲ ಬಂದು ನಿಂತ ಮೇಲೇ ವಾಲ್ವ್ ಮುಚ್ಚಲು ಬಿಡಬೇಕು. ವಾಲ್ವ್ ಮುಚ್ಚಿ ನೀರು ಇಳಿಸಿದ ಮೇಲೆ ಬೇಕಾದ ಸೈಜಿನ ಕಪ್ಲಿಂಗ್ ಇಲ್ಲ ಎಂದು ಅಂಗಡಿಗೆ ಓಡುವುದು ತುಂಬಾ ಕಡೆ ನಡೆಯುತ್ತದೆ. ಆ ಓಡಾಟದ ಹೊತ್ತೆಲ್ಲ ಕಟ್ಟಡ ಬರಿಗೈಯಲ್ಲಿ ನಿಂತಿರುತ್ತದೆ.

ಇನ್ನೊಂದು ಕೆಲಸ ಟ್ಯಾಗ್ ಕಟ್ಟುವುದು. ಮುಚ್ಚಿದ ವಾಲ್ವ್‌ಗೆ, ಅಲಾರ್ಮ್ ಪ್ಯಾನಲ್‌ಗೆ, ಅಗ್ನಿಶಾಮಕ ದಳದವರು ಹೊರಗಿನಿಂದ ನೀರು ತುಂಬಿಸುವ ಕನೆಕ್ಷನ್‌ಗೆ, ಮೂರಕ್ಕೂ ಟ್ಯಾಗ್ ಇರಬೇಕು. ಅದರ ಮೇಲೆ ಏನು ಬಂದ್, ಯಾವಾಗಿನಿಂದ, ಯಾರಿಗೆ ಫೋನ್ ಮಾಡಬೇಕು ಎಂದು ಕಾಣುವಂತೆ ಬರೆದಿರಬೇಕು.

ಗೇಟಿನಲ್ಲಿರೋ ಗಾರ್ಡ್‌ಗೇ "ಹಾಗೇ ಒಂದು ಸುತ್ತು ಹಾಕಿ ಬಾ" ಅಂದ್ರೆ ಆಗಲ್ವಾ?

ಆಗುವುದಿಲ್ಲ. ಫೈರ್ ಕೋಡ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸತತವಾಗಿ ಸುತ್ತುವುದು ಮತ್ತು ಬೆಂಕಿಗಾಗಿ ನೋಡುವುದು, ಇವೆರಡನ್ನು ಬಿಟ್ಟು ಅವರಿಗೆ ಬೇರೆ ಕೆಲಸ ಇರಬಾರದು. ಗೇಟಿನವನು ಸುತ್ತಲು ಹೋದರೆ ಗೇಟ್ ಖಾಲಿ, ಲಾರಿ ಬಂದರೆ ಸುತ್ತು ಅರ್ಧಕ್ಕೇ ನಿಲ್ಲುತ್ತದೆ. ಅದೇ ಗಾರ್ಡ್‌ನನ್ನು ಹಾಕಬಹುದು, ಆದರೆ ಗೇಟಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸಿದ ಮೇಲೆ.

ಹಾಕುವವರಿಗೆ ಕಟ್ಟಡ ಗೊತ್ತಿರಬೇಕು. ಹೊಸಬರನ್ನು ತಂದರೆ ಮೊದಲ ಸುತ್ತನ್ನು ಗೊತ್ತಿರುವವರ ಜೊತೆ ಹಾಕಿಸಿ. ಮೆಟ್ಟಿಲು ಎಲ್ಲಿ, ಬೀಗ ಹಾಕಿದ ಕೋಣೆಗಳ ಕೀ ಯಾರ ಬಳಿ, ಪ್ಯಾನಲ್‌ನಲ್ಲಿ ಒಂದು ವಲಯದ ಹೆಸರು ಕಂಡರೆ ಆ ಜಾಗ ನಿಜವಾಗಿ ಎಲ್ಲಿದೆ, ಇವನ್ನೆಲ್ಲ ತೋರಿಸಿ. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ ಡಿಟೆಕ್ಟರ್ ಸರಿಯಾಗಿಯೇ ಸಿಗ್ನಲ್ ಕೊಟ್ಟಿತ್ತು. ನೋಡಲು ಹೋದ ಕಾವಲುಗಾರ ಪಕ್ಕದ ಬೇರೆ ಕಟ್ಟಡದ ಅಟ್ಟಕ್ಕೆ ಹೋದ. ನಿಜವಾದ ಜಾಗ ಗೊತ್ತಾಗುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು, ಮರದ ಛಾವಣಿ ಹೊತ್ತಿ ಉರಿಯುತ್ತಿತ್ತು.

## ಕಾವಲಿನ ಕೆಲಸ

ಎಷ್ಟು ಹೊತ್ತಿಗೆ ಒಂದು ಸುತ್ತು? ಎಷ್ಟು ಜನ ಬೇಕು?

ಸಾಮಾನ್ಯವಾಗಿ ಇಲಾಖೆಗಳು ಕೇಳುವುದು ಪ್ರತಿ ಜಾಗವನ್ನೂ 30 ನಿಮಿಷಕ್ಕೊಮ್ಮೆ ನೋಡಬೇಕು ಎಂದು. ಜನ ಮಲಗುವ ಕಟ್ಟಡವಾದರೆ 15 ನಿಮಿಷ. ನಿಮ್ಮ ಇಲಾಖೆ ಎಷ್ಟು ಹೇಳಿದೆಯೋ ಅಷ್ಟು.

ಜನರ ಲೆಕ್ಕವನ್ನು ಕಚೇರಿಯಲ್ಲಿ ಕೂತು ಹಾಕಬೇಡಿ. ಒಬ್ಬರನ್ನು ಸ್ಟಾಪ್‌ವಾಚ್ ಕೊಟ್ಟು ನಡೆಸಿ. ಪ್ರತಿ ಬಾಗಿಲು ತೆಗೆದು, ಒಳಗೆ ನೋಡಿ, ಮೂಸಿ, ಬರೆದು ಮುಂದಕ್ಕೆ ಹೋಗಬೇಕು. ಒಂದು ಮಹಡಿಗೆ 6 ನಿಮಿಷ ಹಿಡಿದರೆ 10 ಮಹಡಿಗೆ 60 ನಿಮಿಷ. 30 ನಿಮಿಷಕ್ಕೊಮ್ಮೆ ಸುತ್ತಬೇಕು ಎಂದಿದ್ದರೆ ಒಂದು ಹೊತ್ತಿಗೆ ಕನಿಷ್ಠ ಇಬ್ಬರು ನಡೆಯುತ್ತಲೇ ಇರಬೇಕು. ಊಟಕ್ಕೆ, ಶೌಚಕ್ಕೆ, ಕಾಲು ಚಾಚಲು ಬದಲಿ ಬೇಕಾದ್ದರಿಂದ ಅದು ಮೂವರಾಗುತ್ತದೆ. ಲಿಫ್ಟ್ ನಿಂತಾಗ ಅದೇ ಸುತ್ತಿಗೆ ಎಷ್ಟು ಹೊತ್ತು ಬೇಕು ಅನ್ನುವುದನ್ನೂ ನೋಡಿಕೊಳ್ಳಿ.

ಪಾಳಿ ಚಿಕ್ಕದಿರಲಿ. ಬೆಳಗಿನ ಜಾವ ಮೂರರಿಂದ ಐದರ ಹೊತ್ತಿಗೆ ಯಾರ ಕಣ್ಣೂ ಸರಿಯಾಗಿ ತೆರೆದಿರುವುದಿಲ್ಲ. ಹಗಲು ಬೇರೆ ಕಡೆ ದುಡಿದವರನ್ನು ರಾತ್ರಿ ಕಾವಲಿಗೆ ಹಾಕುವುದು ತಪ್ಪು, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಸುತ್ತುವಾಗ ನಿಜವಾಗ್ಲೂ ಏನು ನೋಡಬೇಕು? ಕಾರಿಡಾರ್ ಖಾಲಿ ಇದ್ರೆ ಸಾಕಾ?

ಸಾಲದು. ಕಾರಿಡಾರ್‌ನಲ್ಲಿ ಬೆಂಕಿ ಹುಟ್ಟುವುದು ತೀರಾ ಕಡಿಮೆ. ಅದು ಹುಟ್ಟುವುದು ಯಾರೂ ಹೋಗದ ಜಾಗಗಳಲ್ಲಿ, ಅಂದರೆ ಎಲೆಕ್ಟ್ರಿಕಲ್ ರೂಮು, ಸ್ಟೋರು, ಕಸ ಹಾಕುವ ಜಾಗ, ಲಿಫ್ಟ್ ಮೆಷಿನ್ ರೂಮು, ಬ್ಯಾಟರಿ ಚಾರ್ಜಿಂಗ್ ಮೂಲೆ, ಅಡುಗೆಮನೆ, ರಿಪೇರಿ ನಡೆಯುತ್ತಿರುವ ಖಾಲಿ ಮಹಡಿ.

ಒಂದು ಎಲೆಕ್ಟ್ರಿಕಲ್ ರೂಮನ್ನು ಹೇಗೆ ನೋಡಬೇಕು ಎಂದು ಹೇಳುತ್ತೇನೆ. ಬಾಗಿಲ ಮುಂದೆ ನಿಂತು ಮೊದಲು ಅಂಗೈ ಹಿಂಭಾಗವನ್ನು ಬಾಗಿಲಿಗೆ ತಾಗಿಸಿ. ಬಿಸಿ ಇದ್ದರೆ ತೆಗೆಯಬೇಡಿ, ನೇರ ಫೋನ್ ಮಾಡಿ. ತಣ್ಣಗಿದ್ದರೆ ಬಾಗಿಲನ್ನು ಸ್ವಲ್ಪ ತೆಗೆದು ಒಳಗಿನ ಗಾಳಿಯನ್ನು ಮೂಸಿ. ಪ್ಲಾಸ್ಟಿಕ್ ಸುಟ್ಟ ವಾಸನೆ, ಮೀನಿನಂಥ ವಾಸನೆ, ಇವು ವೈರಿನ ಹೊದಿಕೆ ಅಥವಾ ಸ್ವಿಚ್ಚಿನ ಭಾಗಗಳು ಕಾದು ಕರಗುತ್ತಿರುವ ಗುರುತು. ಒಳಗೆ ಒಂದು ಹತ್ತು ಸೆಕೆಂಡು ಸುಮ್ಮನೆ ನಿಂತು ಕೇಳಿ, ಚಿಟಪಟ ಸದ್ದು ಇದೆಯಾ ಎಂದು. ಆಮೇಲೆ ಟಾರ್ಚಿನ ಬೆಳಕನ್ನು ಸೀಲಿಂಗ್ ಕಡೆ ಹಿಡಿಯಿರಿ. ತೆಳು ಹೊಗೆ ಮೊದಲು ಮೇಲೆ ಸೇರುತ್ತದೆ, ಬರಿಗಣ್ಣಿಗೆ ಕಾಣದ್ದು ಬೆಳಕಿನ ಕೋಲಿನಲ್ಲಿ ಕಾಣುತ್ತದೆ. ಪ್ಯಾನಲ್ ಮುಂದೆ ರಟ್ಟಿನ ಡಬ್ಬ ಇಟ್ಟಿದ್ದರೆ ಆಗಲೇ ತೆಗೆಸಿ. ಹೊರಗೆ ಬಂದು ಬಾಗಿಲು ಎಳೆದು ಮುಚ್ಚಿ.

ಪೇಂಟ್ ಅಥವಾ ಪಾಲಿಶ್ ಕೆಲಸ ನಡೆಯುತ್ತಿರುವ ಕಡೆ ಎಣ್ಣೆ ಬಟ್ಟೆಗಳನ್ನು ಹುಡುಕಿ ನೋಡಿ. ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ಅದು ಗಾಳಿಯ ಆಮ್ಲಜನಕ ಹೀರುತ್ತಾ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ, ಕೆಲವು ಗಂಟೆಗಳಲ್ಲಿ ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ. ಕೆಲಸಗಾರರು ಮನೆಗೆ ಹೋದ ಮೇಲೆ! ಅಂಥ ಬಟ್ಟೆ ಮುಚ್ಚಳ ಇರುವ ಲೋಹದ ಡಬ್ಬದಲ್ಲೇ ಇರಬೇಕು.

ಬೆಂಕಿಯ ಜೊತೆಗೆ ದಾರಿಯನ್ನೂ ನೋಡಿ. ಬೆಂಕಿ-ಹೊಗೆ ತಡೆಯುವ ಫೈರ್ ಡೋರ್‌ಗೆ ಅಡ್ಡ ಕೊಟ್ಟ ಕಲ್ಲು, ಮೆಟ್ಟಿಲಿನಲ್ಲಿ ಇಟ್ಟ ಮೂಟೆ, ಬೀಗ ಹಾಕಿದ ಎಕ್ಸಿಟ್, ಇವನ್ನು ಬರೆದುಕೊಂಡು ಹೋಗುವುದಲ್ಲ, ಅಲ್ಲೇ ಸರಿ ಮಾಡಿಸಬೇಕು.

ಕೈಯಲ್ಲಿ ಏನೇನು ಇರಬೇಕು?

ಟಾರ್ಚು, ಎಲ್ಲ ಕೋಣೆಗಳ ಕೀ, ಚಾರ್ಜ್ ಇರುವ ಫೋನ್, ಜೊತೆಗೆ ವಾಕಿಟಾಕಿ. ನೆಲಮಾಳಿಗೆಯಲ್ಲಿ ಫೋನ್ ಸಿಗ್ನಲ್ ಸಿಗುತ್ತದಾ ಎಂದು ಮೊದಲ ಸುತ್ತಿನಲ್ಲೇ ನೋಡಿ, ಸಿಗದಿದ್ದರೆ ಫೋನ್ ಇದ್ದೂ ಇಲ್ಲದ ಹಾಗೆ. ಜನರನ್ನು ಎಬ್ಬಿಸಲು ಏರ್ ಹಾರ್ನ್ ಅಥವಾ ಮೆಗಾಫೋನ್. ಕಟ್ಟಡದ ಪೂರ್ತಿ ವಿಳಾಸ ಮತ್ತು ತುರ್ತು ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಗಾಬರಿಯಲ್ಲಿ ದಿನಾ ಬರುವ ಕಟ್ಟಡದ ವಿಳಾಸವೂ ಬಾಯಿಗೆ ಬರುವುದಿಲ್ಲ. ದೂರದಿಂದ ಗುರುತು ಸಿಗುವ ಜಾಕೆಟ್ ಹಾಕಿಸಿ, ಜನ ಓಡುವಾಗ ಯಾರ ಮಾತು ಕೇಳಬೇಕು ಎಂದು ಗೊತ್ತಾಗುತ್ತದೆ.

ಬೆಂಕಿ ಕಂಡರೆ ಮೊದಲು ಆರಿಸಬೇಕಾ, ಫೋನ್ ಮಾಡಬೇಕಾ?

ಮೊದಲು ಕೂಗಿ, ಫೋನ್ ಮಾಡಿ. ಕಸದ ಬುಟ್ಟಿಯಷ್ಟು ಚಿಕ್ಕ ಬೆಂಕಿ, ಬೆನ್ನ ಹಿಂದೆ ಹೊರಹೋಗುವ ದಾರಿ, ಕೈಯಲ್ಲಿ ಬೆಂಕಿ ಆರಿಸುವ ಸರಿಯಾದ ಸಿಲಿಂಡರ್, ಅದನ್ನು ಬಳಸಿ ಕಲಿತ ಅನುಭವ, ಈ ನಾಲ್ಕೂ ಇದ್ದರೆ ಮಾತ್ರ ಆಮೇಲೆ ಆರಿಸಲು ನೋಡಿ. 6 ಕೆಜಿಯ ಪೌಡರ್ ಸಿಲಿಂಡರ್ ಖಾಲಿಯಾಗಲು ಸುಮಾರು 15ರಿಂದ 20 ಸೆಕೆಂಡು ಸಾಕು. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಮುಚ್ಚಿಕೊಂಡು ಹೊರಗೆ ಬನ್ನಿ. ಆ ಬಾಗಿಲು ಮುಚ್ಚುವುದೇ ಎಷ್ಟೋ ಸಲ ಸಿಲಿಂಡರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

"ಮೊದಲು ಮೇಲೆ ಹೋಗಿ ನೋಡಿ ಬಾ, ಆಮೇಲೆ ಫೋನ್ ಮಾಡೋಣ" ಅನ್ನುವ ಅಭ್ಯಾಸ ಜೀವ ತೆಗೆದಿದೆ. 1988ರ ಮೇ 4ರ ರಾತ್ರಿ ಲಾಸ್ ಏಂಜಲೀಸ್‌ನ 62 ಮಹಡಿಯ ಫಸ್ಟ್ ಇಂಟರ್‌ಸ್ಟೇಟ್ ಬ್ಯಾಂಕ್ ಕಟ್ಟಡದಲ್ಲಿ 12ನೇ ಮಹಡಿಗೆ ಬೆಂಕಿ ಬಿತ್ತು. ಸ್ಪ್ರಿಂಕ್ಲರ್ ಅಳವಡಿಸುವ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು, ಆದರೆ ನೀರು ಹರಿದರೆ ತಿಳಿಸುವ ಅಲಾರ್ಮ್‌ಗಳನ್ನು ಇನ್ನೂ ಹಾಕಿರಲಿಲ್ಲ ಎಂದು ವಾಲ್ವ್‌ಗಳನ್ನು ಮುಚ್ಚಿಟ್ಟಿದ್ದರು. ಸ್ಮೋಕ್ ಡಿಟೆಕ್ಟರ್‌ಗಳು ಕೂಗಿದವು, ಕೆಳಗಿದ್ದ ಸೆಕ್ಯುರಿಟಿಯವರು ರೀಸೆಟ್ ಮಾಡಿದರು, ಮತ್ತೆ ಕೂಗಿದವು, ಮತ್ತೆ ರೀಸೆಟ್ ಮಾಡಿದರು. ನೋಡಿ ಬರಲು ಒಬ್ಬ ಮೇಂಟೆನೆನ್ಸ್ ಕೆಲಸಗಾರ ಲಿಫ್ಟ್ ಹತ್ತಿ 12ನೇ ಮಹಡಿಗೆ ಹೋದ. ಬಾಗಿಲು ತೆರೆದದ್ದು ಬೆಂಕಿಯ ಒಳಕ್ಕೇ. ಅವನು ಬದುಕಲಿಲ್ಲ. ಅಗ್ನಿಶಾಮಕ ದಳಕ್ಕೆ ಮೊದಲು ಫೋನ್ ಮಾಡಿದ್ದು ಹೊರಗಿನಿಂದ ನೋಡಿದ ಜನ.

ಆದ್ದರಿಂದ ಫೈರ್ ವಾಚ್‌ನವರಿಗೆ ಎರಡು ಮಾತು ಬಾಯಿಪಾಠ ಆಗಿರಲಿ. ಹೊಗೆಯ ಸುಳಿವು ಸಿಕ್ಕ ಮಹಡಿಗೆ ಲಿಫ್ಟಿನಲ್ಲಿ ಹೋಗಬಾರದು. ಫೋನ್ ಮಾಡಲು ಯಾರ ಅನುಮತಿಯೂ ಬೇಡ. ಎರಡನೆಯದನ್ನು ಮ್ಯಾನೇಜರ್ ಬರೆದೇ ಕೊಡಬೇಕು.

ಲಾಗ್ ಪುಸ್ತಕದಲ್ಲಿ ಏನು ಬರೀಬೇಕು? ಬರೀ "ಓಕೆ" ಅಂತ ಬರೆದ್ರೆ?

ಸಮಯ, ಜಾಗ, ಕಂಡದ್ದು, ಅದಕ್ಕೆ ಮಾಡಿದ್ದು, ಹೆಸರು ಮತ್ತು ಸಹಿ. "ರಾತ್ರಿ 1:42, ನಾಲ್ಕನೇ ಮಹಡಿ ಸ್ಟೋರ್, ಬಾಗಿಲಿಗೆ ಮರದ ತುಂಡು ಅಡ್ಡ ಕೊಟ್ಟಿತ್ತು, ತೆಗೆದು ಮುಚ್ಚಿದೆ" ಎಂದಿದ್ದರೆ ಯಾರೋ ನಿಜವಾಗಿ ಅಲ್ಲಿಗೆ ಹೋಗಿದ್ದರು ಎಂದು ಗೊತ್ತಾಗುತ್ತದೆ. 1:00, 1:30, 2:00, 2:30 ಎಂದು ಒಂದೇ ಪೆನ್ನಿನಲ್ಲಿ ಒಂದೇ ಸಮನೆ ಬರೆದ ಪುಟವನ್ನು ನೋಡಿದ ಇನ್‌ಸ್ಪೆಕ್ಟರ್‌ಗೆ ಅದು ಒಂದೇ ಸಲ ಕೂತು ತುಂಬಿದ್ದು ಎಂದು ಅರ್ಥವಾಗುತ್ತದೆ. ಪ್ರತಿ ಮಹಡಿಯ ಕೊನೆಯಲ್ಲಿ ಕ್ಯುಆರ್ ಕೋಡ್ ಅಂಟಿಸಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯ ಪದ್ಧತಿ. ಆದರೆ ಅದು ಅಲ್ಲಿಗೆ ಹೋದದ್ದಕ್ಕೆ ಸಾಕ್ಷಿ, ನೋಡಿದ್ದಕ್ಕೆ ಸಾಕ್ಷಿಯಲ್ಲ. ಎರಡೂ ಇರಲಿ.

ಸಿಸಿಟಿವಿ ಇದೆಯಲ್ಲ, ಅದನ್ನೇ ನೋಡ್ತಾ ಕೂತರೆ ಆಗಲ್ವಾ?

ಕ್ಯಾಮೆರಾಕ್ಕೆ ವಾಸನೆ ತಿಳಿಯುವುದಿಲ್ಲ, ಮುಚ್ಚಿದ ಬಾಗಿಲ ಹಿಂದೆ ಕಾಣುವುದಿಲ್ಲ, ಫಾಲ್ಸ್ ಸೀಲಿಂಗ್ ಮೇಲೆ ಏನಾಗುತ್ತಿದೆ ಎಂಬುದೂ ಗೊತ್ತಾಗುವುದಿಲ್ಲ. ನಡೆಯುವವರಿಗೆ ಜೊತೆಯಾಗಿ ಇರಲಿ, ಅಷ್ಟೇ. ಕೆಲಸ ಕೆಲವು ದಿನ ಎಳೆಯುತ್ತದೆ ಎಂದು ಗೊತ್ತಿದ್ದರೆ ತಾತ್ಕಾಲಿಕ ವೈರ್‌ಲೆಸ್ ಅಲಾರ್ಮ್ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ, ಹಣ ಹಾಕುವುದಾದರೆ ಅದಕ್ಕೆ ಹಾಕಿ.

## ಕಷ್ಟದ ಪ್ರಶ್ನೆಗಳು

ಸ್ಪ್ರಿಂಕ್ಲರ್ ಬಂದ್ ಆಗಿದೆ, ಅಲಾರ್ಮ್ ಸರಿ ಇದೆ. ಹಾಗಾದ್ರೆ ಕಾವಲುಗಾರ ಏನು ಮಾಡ್ತಾನೆ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಅಲಾರ್ಮ್ ಸರಿಯಾಗಿದ್ದರೆ ಬೆಂಕಿ ಗೊತ್ತಾಗುತ್ತದೆ, ಆದರೆ ಅದನ್ನು ಹಿಡಿದು ನಿಲ್ಲಿಸುವ ನೀರು ಇಲ್ಲ. ಆದ್ದರಿಂದ ಇಲ್ಲಿ ಕಾವಲಿನ ಹೆಚ್ಚಿನ ಕೆಲಸ ಬೆಂಕಿ ಹುಟ್ಟದ ಹಾಗೆ ನೋಡುವುದು. ಎನ್‌ಎಫ್‌ಪಿಎ 25 ಕೂಡ ಕಾವಲೊಂದನ್ನೇ ಹೇಳುವುದಿಲ್ಲ. ಕಟ್ಟಡ ಖಾಲಿ ಮಾಡುವುದು, ತಾತ್ಕಾಲಿಕ ನೀರು ಕೊಡುವುದು, ಬೆಂಕಿ ಹತ್ತಿಸಬಲ್ಲ ಮೂಲಗಳನ್ನು ನಿಲ್ಲಿಸಿ ಉರಿಯುವ ಸಾಮಾನು ಕಡಿಮೆ ಮಾಡುವುದು, ಇವೂ ಅದರ ಪಟ್ಟಿಯಲ್ಲಿವೆ. ಆ ದಿನ ವೆಲ್ಡಿಂಗ್ ಬೇಡ, ಹೊಸ ಸಾಮಾನಿನ ಲೋಡ್ ಒಳಗೆ ಬರುವುದು ಬೇಡ, ಅಪಾಯದ ಯಂತ್ರಗಳು ಓಡುವುದು ಬೇಡ.

ನೀರು ಇರುವುದಕ್ಕೂ ಇಲ್ಲದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ತಿಳಿಯಲು 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾದಲ್ಲಿ ನಡೆದದ್ದನ್ನು ನೋಡಿ. 38 ಮಹಡಿಯ ಕಟ್ಟಡ. 22ನೇ ಮಹಡಿಯಲ್ಲಿ ಅಗಸೆ ಎಣ್ಣೆ ಬಟ್ಟೆಗಳಿಂದ ಬೆಂಕಿ ಹುಟ್ಟಿತು. ಆ ಮಹಡಿಯಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಬೆಂಕಿ ಮಹಡಿಯಿಂದ ಮಹಡಿಗೆ ಏರಿತು, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಕೊನೆಗೆ ಅಪಾಯ ಜಾಸ್ತಿ ಎಂದು ಒಳಗಿದ್ದ ಸಿಬ್ಬಂದಿಯನ್ನು ಹೊರಗೆ ಕರೆಸಿಕೊಂಡರು. ಅದು ನಿಂತದ್ದು 30ನೇ ಮಹಡಿಯಲ್ಲಿ. ಅಲ್ಲಿ ಸ್ಪ್ರಿಂಕ್ಲರ್ ಇತ್ತು, ಒಡೆದದ್ದು ಬರೀ 10 ಹೆಡ್‌ಗಳು, ಅಂದರೆ ನೀರು ಚಿಮ್ಮಿಸುವ ಬಾಯಿಗಳು.

ಇಡೀ ಕಟ್ಟಡಕ್ಕೆ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಮುಚ್ಚುವ ಬದಲು ಆ ಒಂದು ಮಹಡಿಯ ವಾಲ್ವ್ ಮುಚ್ಚಿದರೆ ಕೆಲಸ ಆಗುತ್ತದಾ ಎಂದು ಪೈಪಿನವರನ್ನು ಕೇಳಿ. ಅವರಿಗೆ ಮುಖ್ಯ ವಾಲ್ವ್ ಸುಲಭ, ನಿಮಗೆ ಅದು ದುಬಾರಿ. ರಾತ್ರಿಯ ಹೊತ್ತಿಗೆ ಕೆಲಸ ಮುಗಿಯದಿದ್ದರೆ ತೆರೆದ ಪೈಪಿಗೆ ಪ್ಲಗ್ ಹಾಕಿಸಿ, ಉಳಿದ ಭಾಗಕ್ಕೆ ನೀರು ವಾಪಸ್ ಕೊಡಿಸಿ.

ಫೈರ್ ಪಂಪ್ ಕೆಟ್ಟಿದೆ. ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ತುಂಬೇ ಇದೆಯಲ್ಲ, ಅದೂ ಬಂದ್ ಅಂತ ಲೆಕ್ಕನಾ?

ಹೌದು, ಪಂಪ್ ಇಲ್ಲದೆ ಒತ್ತಡ ಸಾಲದ ಕಟ್ಟಡವಾದರೆ ಅದು ಬಂದ್ ಲೆಕ್ಕವೇ. ಗೇಜ್ ಒತ್ತಡ ತೋರಿಸುತ್ತಿರಬಹುದು, ಎರಡು ಹೆಡ್ ಒಡೆದು ನೀರು ಹರಿಯತೊಡಗಿದರೆ ಮುಳ್ಳು ಬಿದ್ದುಹೋಗುತ್ತದೆ. ಟ್ಯಾಂಕ್ ತೊಳೆಯಲು ಖಾಲಿ ಮಾಡಿದಾಗಲೂ ಹೀಗೇ. ಒಂದೇ ಪಂಪಿನಿಂದ ಸ್ಪ್ರಿಂಕ್ಲರ್ ಮತ್ತು ಹೈಡ್ರಂಟ್ ಎರಡೂ ನಡೆಯುವುದಾದರೆ ಎರಡೂ ಒಟ್ಟಿಗೆ ಹೋದವು, ಆಗ ಅಗ್ನಿಶಾಮಕ ದಳಕ್ಕೆ ಹೇಳುವುದು ಇನ್ನೂ ಮುಖ್ಯ.

2007ರ ಆಗಸ್ಟ್ 18ರಂದು ನ್ಯೂಯಾರ್ಕ್‌ನಲ್ಲಿ ಕೆಡವುತ್ತಿದ್ದ ಡಾಯ್ಚ ಬ್ಯಾಂಕ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೇಲಕ್ಕೆ ನೀರು ಒಯ್ಯುವ ಪೈಪಿನ ಒಂದು ತುಂಡನ್ನು ನೆಲಮಾಳಿಗೆಯಲ್ಲಿ ಮೊದಲೇ ತೆಗೆದುಹಾಕಿದ್ದರು. ಮೇಲೆ ಹೋದ ಸಿಬ್ಬಂದಿಗೆ ನೀರು ಸಿಗಲಿಲ್ಲ. ಇಬ್ಬರು ಸತ್ತರು. ಪೈಪ್ ನೋಡಲು ಇದ್ದೇ ಇತ್ತು, ಹೊಸ್ ಜೋಡಿಸುವ ಜಾಗವೂ ಇತ್ತು, ನೀರು ಮಾತ್ರ ಬರುವಂತಿರಲಿಲ್ಲ. ಆ ಕನೆಕ್ಷನ್ ಮೇಲೆ ಟ್ಯಾಗ್ ಕಟ್ಟಿ ಎಂದು ಒತ್ತಿ ಹೇಳುವುದು ಇದಕ್ಕೇ.

ವೆಲ್ಡಿಂಗ್ ಮಾಡುವಾಗ ನಿಲ್ಲಿಸ್ತೀವಲ್ಲ, ಅದೂ ಫೈರ್ ವಾಚೇ ಅಲ್ವಾ? ಅದೇ ಮನುಷ್ಯ ಎರಡೂ ನೋಡಬಹುದಾ?

ಹೆಸರು ಒಂದೇ, ಕೆಲಸ ಬೇರೆ. ವೆಲ್ಡಿಂಗ್ ಕಾವಲಿನವರು ಆ ಜಾಗ ಬಿಟ್ಟು ಕದಲಬಾರದು, ಕಟ್ಟಡದ ಕಾವಲಿನವರು ಒಂದು ಜಾಗದಲ್ಲಿ ನಿಲ್ಲಬಾರದು. ಒಬ್ಬರೇ ಎರಡನ್ನೂ ಮಾಡಲು ಹೇಗೆ ಸಾಧ್ಯ?

ಕಿಡಿ ಬೀಳುವ ಜಾಗದ ಸುತ್ತ 11 ಮೀಟರ್, ಅಂದರೆ 35 ಅಡಿ, ಉರಿಯುವ ವಸ್ತು ಇರಬಾರದು, ತೆಗೆಯಲು ಆಗದ್ದನ್ನು ಬೆಂಕಿ ತಡೆಯುವ ಹೊದಿಕೆಯಿಂದ ಮುಚ್ಚಬೇಕು. ನೆಲದ ತೂತುಗಳಿಂದ ಕೆಳಗಿನ ಮಹಡಿಗೂ ಕಿಡಿ ಬೀಳುತ್ತದೆ, ಗೋಡೆಯ ಆಚೆ ಬದಿಗೂ ಬಿಸಿ ಹಾಯುತ್ತದೆ, ಅಲ್ಲಿಗೆ ಇನ್ನೊಬ್ಬರು ಬೇಕಾಗಬಹುದು. ಕೆಲಸ ನಿಲ್ಲಿಸಿದ ಮೇಲೂ ಕಾಯಬೇಕು. ಎನ್‌ಎಫ್‌ಪಿಎ 51ಬಿ ಮೊದಲು 30 ನಿಮಿಷ ಎನ್ನುತ್ತಿತ್ತು, 2019ರ ಆವೃತ್ತಿಯಿಂದ ಒಂದು ಗಂಟೆ. ಮರದ ಪುಡಿಯಲ್ಲಿ, ಇನ್ಸುಲೇಷನ್ ಒಳಗೆ ಹೊಗೆಯಿಲ್ಲದೆ ಕನಲುವ ಕಿಡಿಗೆ ಅರ್ಧ ಗಂಟೆ ಏನೂ ಅಲ್ಲ.

ಸ್ಪ್ರಿಂಕ್ಲರ್ ಬಂದ್ ಇರುವ ಜಾಗದಲ್ಲಿ ವೆಲ್ಡಿಂಗ್ ಮಾಡಲೇಬೇಡಿ. ಸ್ಪ್ರಿಂಕ್ಲರ್ ಪೈಪ್ ರಿಪೇರಿಗೇ ವೆಲ್ಡಿಂಗ್ ಬೇಕು ಎಂದರೆ ಆ ತುಂಡನ್ನು ಹೊರಗೆ ಒಯ್ದು ಮಾಡಿಸಿ, ಒಳಗೆ ತಂದು ಬೋಲ್ಟ್ ಹಾಕಿ.

ಆಸ್ಪತ್ರೆ, ಹಾಸ್ಟೆಲ್ ಥರದ ಕಡೆ ಜನ ಮಲಗಿರ್ತಾರೆ. ಅಲ್ಲಿ ಏನು ಬೇರೆ?

ಮಲಗಿದವರಿಗೆ ಹೊಗೆಯ ವಾಸನೆಯಿಂದ ಎಚ್ಚರವಾಗುತ್ತದೆ ಎಂದು ನಂಬಬೇಡಿ, ಆಗುವುದಿಲ್ಲ. ಆದ್ದರಿಂದ ಸುತ್ತುಗಳು ಹತ್ತಿರ ಹತ್ತಿರ ಇರಬೇಕು, ಎಬ್ಬಿಸುವ ಸದ್ದು ಮುಚ್ಚಿದ ಬಾಗಿಲ ಒಳಗೂ ಕೇಳಬೇಕು. ಏರ್ ಹಾರ್ನ್ ಒತ್ತಿ, ಒಬ್ಬರು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೇಳುತ್ತದಾ ಎಂದು ಹಗಲಲ್ಲೇ ಪರೀಕ್ಷಿಸಿ. ಕೇಳದಿದ್ದರೆ ಬಾಗಿಲು ಬಡಿಯಲು ಮಹಡಿಗೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಿ.

ಆಸ್ಪತ್ರೆಯಲ್ಲಿ ಎಲ್ಲರನ್ನೂ ಮೆಟ್ಟಿಲು ಇಳಿಸಲು ಆಗುವುದಿಲ್ಲ. ರೋಗಿಗಳನ್ನು ಅದೇ ಮಹಡಿಯಲ್ಲಿ ಫೈರ್ ಡೋರ್ ಆಚೆಗಿನ ಭಾಗಕ್ಕೆ ಸರಿಸುವುದು ಮೊದಲ ಹೆಜ್ಜೆ. ಹಾಗಾಗಿ ಅಲ್ಲಿ ಕಾವಲಿನವರಿಗೆ ಆ ಬಾಗಿಲುಗಳು ಸರಿಯಾಗಿ ಮುಚ್ಚುತ್ತವಾ ಎಂದು ನೋಡುವುದು ಹೊಗೆ ಹುಡುಕುವಷ್ಟೇ ಮುಖ್ಯ. ಪ್ರತಿ ಪಾಳಿಯ ನರ್ಸ್‌ಗಳಿಗೂ ಅಲಾರ್ಮ್ ಬಂದ್ ಇರುವ ವಿಷಯ ಪಾಳಿ ಬದಲಾಗುವಾಗ ತಿಳಿಸಿ.

ಫೈರ್ ವಾಚ್ ತಿಂಗಳುಗಟ್ಟಲೆ ನಡೆಸಬಹುದಾ?

ನಡೆಸಿದವರಿದ್ದಾರೆ. 2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತ ಮೇಲೆ, ಹೊರಗೋಡೆಗೆ ಉರಿಯುವ ಹೊದಿಕೆ ಇರುವ ಎಷ್ಟೋ ವಸತಿ ಕಟ್ಟಡಗಳಲ್ಲಿ ಹಗಲೂ ರಾತ್ರಿ ಸುತ್ತುವ ಕಾವಲು ಹಾಕಿದರು. ಅಲ್ಲಿ ಅದನ್ನು ವೇಕಿಂಗ್ ವಾಚ್ ಎನ್ನುತ್ತಾರೆ. ಬೆಂಕಿ ಬಿದ್ದರೆ ಮನೆಯೊಳಗೇ ಇರಿ ಎನ್ನುವ ಹಳೆಯ ನಿಯಮ ಬಿಟ್ಟು ಎಲ್ಲರನ್ನೂ ಒಟ್ಟಿಗೆ ಹೊರಗೆ ಕಳಿಸಬೇಕಾಯಿತು, ಅದಕ್ಕೆ ಬೇಕಾದ ಅಲಾರ್ಮ್ ಆ ಕಟ್ಟಡಗಳಲ್ಲಿ ಇರಲಿಲ್ಲ. ಅಲ್ಪ ಕಾಲಕ್ಕೆಂದು ಶುರುವಾದದ್ದು ಹಲವು ಕಡೆ ಬಹಳ ಕಾಲ ನಡೆಯಿತು, ಖರ್ಚು ನಿವಾಸಿಗಳ ತಲೆಯ ಮೇಲೆ ಬಿತ್ತು. ಕೊನೆಗೆ ಸರ್ಕಾರವೇ ಕಾವಲಿನ ಬದಲು ಅಲಾರ್ಮ್ ಹಾಕಿಸಲು ಹಣ ಕೊಟ್ಟಿತು.

ಬೇಸರವಾದ ಮನುಷ್ಯನ ಗಮನ ಹೋಗುವುದು ನಿಶ್ಚಿತ. ಮೂರನೇ ವಾರದ ಕಾವಲು ಮೊದಲ ರಾತ್ರಿಯ ಕಾವಲಿನಂತೆ ಇರುವುದಿಲ್ಲ. ಬಿಡಿಭಾಗ ಬರಲು ತಡ ಎಂದು ಗೊತ್ತಾದ ದಿನವೇ ತಾತ್ಕಾಲಿಕ ವ್ಯವಸ್ಥೆಗೆ ಕೈ ಹಾಕಿ.

ರಿಪೇರಿ ಮುಗೀತು ಅಂತ ಟೆಕ್ನಿಷಿಯನ್ ಹೇಳಿದ. ಕಾವಲುಗಾರರನ್ನು ಕಳಿಸಿಬಿಡಬಹುದಾ?

ಇನ್ನೂ ಬೇಡ. ಮುಚ್ಚಿದ ಪ್ರತಿ ವಾಲ್ವ್ ಬಳಿ ನೀವೇ ಹೋಗಿ, ಪೂರ್ತಿ ತೆರೆದಿದೆಯಾ ನೋಡಿ. ಮೇಲೇರುವ ದಂಡ ಇರುವ ವಾಲ್ವ್ ಆದರೆ ತೆರೆದಾಗ ದಂಡ ಹೊರಗೆ ಚಾಚಿಕೊಂಡಿರುತ್ತದೆ. ಆದರೆ ಕಣ್ಣಿಗೆ ತೆರೆದಂತೆ ಕಾಣುವ ವಾಲ್ವ್ ಒಳಗೆ ಮುರಿದು ಮುಚ್ಚಿಯೇ ಇರಬಹುದು, ಅದಕ್ಕೇ ಮೇನ್ ಡ್ರೈನ್ ಟೆಸ್ಟ್ ಮಾಡಿಸಿ. ಡ್ರೈನ್ ಪೂರ್ತಿ ತೆರೆದು ನೀರು ಹರಿಯುವಾಗ ಒತ್ತಡ ಎಷ್ಟಕ್ಕೆ ಇಳಿಯುತ್ತದೆ, ಡ್ರೈನ್ ಮುಚ್ಚಿದಾಗ ಎಷ್ಟು ಬೇಗ ಏರುತ್ತದೆ ಎಂದು ನೋಡಿ, ಹಿಂದಿನ ಸಲದ ಅಂಕಿಗಳ ಪಕ್ಕ ಇಟ್ಟು ಹೋಲಿಸಿ. ತುಂಬಾ ಕಡಿಮೆ ಬಂದರೆ ಎಲ್ಲೋ ಅಡ್ಡಿ ಇದೆ.

ಅಲಾರ್ಮ್ ಆದರೆ ಒಂದು ಡಿಟೆಕ್ಟರ್‌ಗೆ ನಿಜವಾಗಿ ಹೊಗೆ ಕೊಟ್ಟು, ಹೂಟರ್ ಕೂಗಿತಾ, ಮಾನಿಟರಿಂಗ್ ಕಂಪನಿಗೆ ಸಿಗ್ನಲ್ ಮುಟ್ಟಿತಾ ಎಂದು ಕೇಳಿ. ಕೆಲಸ ನಡೆಯುವಾಗ ಡಿಟೆಕ್ಟರ್‌ಗಳಿಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಇದೆಲ್ಲ ಆದ ಮೇಲೆ ಟ್ಯಾಗ್ ಬಿಚ್ಚಿ, ಮೊದಲು ಯಾರಿಗೆಲ್ಲ ತಿಳಿಸಿದ್ದಿರೋ ಅವರಿಗೆಲ್ಲ ಮತ್ತೆ ಫೋನ್ ಮಾಡಿ, ಆಮೇಲೆ ಕಾವಲಿನವರನ್ನು ಮನೆಗೆ ಕಳಿಸಿ.

ಇನ್‌ಸ್ಪೆಕ್ಷನ್ ಮಾಡುವಾಗ ಒಂದು ವಾಲ್ವ್ ಮುಚ್ಚೇ ಇರೋದು ಸಿಕ್ಕಿತು, ಯಾವಾಗಿನಿಂದ ಅಂತ ಯಾರಿಗೂ ಗೊತ್ತಿಲ್ಲ. ಈಗೇನು?

ಮುಚ್ಚಿದ್ದಕ್ಕೆ ಕಾರಣ ತಿಳಿಯದೆ ಕೂಡಲೇ ತಿರುಗಿಸಬೇಡಿ. ಆಚೆ ಬದಿಯಲ್ಲಿ ಪೈಪ್ ತೆರೆದಿದ್ದರೆ ಮಹಡಿ ತುಂಬಾ ನೀರಾಗುತ್ತದೆ. ಮೊದಲು ಆ ವಾಲ್ವ್‌ನಿಂದ ಯಾವ ಭಾಗಕ್ಕೆ ನೀರು ಹೋಗುತ್ತದೆ ಎಂದು ಗುರುತಿಸಿ, ಅಲ್ಲಿಗೆ ಕಾವಲು ಕಳಿಸಿ, ಇಲಾಖೆಗೂ ವಿಮೆಯವರಿಗೂ ತಿಳಿಸಿ. ಒಬ್ಬರು ಪೈಪಿನ ಜೊತೆ ನಡೆದು ಎಲ್ಲ ಜೋಡಣೆಗಳೂ ಇವೆಯಾ ನೋಡಲಿ, ಆಮೇಲೆ ನಿಧಾನವಾಗಿ ತೆರೆಯಿರಿ.

ಇಂಥ ವಾಲ್ವ್‌ಗಳು ಹೆಚ್ಚಾಗಿ ಉಳಿಯುವುದು ಹಳೆಯ ರಿಪೇರಿಯ ನಂತರ ಯಾರೋ ತೆರೆಯಲು ಮರೆತಾಗ. ಆದ್ದರಿಂದ ಹಿಂದೆ ಕೆಲಸ ನಡೆದ ಬೇರೆ ಮಹಡಿಗಳ ವಾಲ್ವ್‌ಗಳನ್ನೂ ಅದೇ ದಿನ ನೋಡಿ. ಎಲ್ಲವನ್ನೂ ತೆರೆದ ಸ್ಥಿತಿಯಲ್ಲಿ ಚೈನ್ ಹಾಕಿ ಬೀಗ ಹಾಕಿ. ಆಗುವುದಾದರೆ ಟ್ಯಾಂಪರ್ ಸ್ವಿಚ್ ಹಾಕಿಸಿ ಪ್ಯಾನಲ್‌ಗೆ ಜೋಡಿಸಿ, ಮುಂದೆ ಯಾರಾದರೂ ಅರ್ಧ ತಿರುಗಿಸಿದರೂ ಪ್ಯಾನಲ್ ತಿಳಿಸುತ್ತದೆ.